ವಿಚ್ಛೇದಿತ ಮಹಿಳೆಯ ಮರುಮದುವೆ: ಊರಿಗೆಲ್ಲ ಸಾರದೆ ಸಂಬಂಧ ಹುಡುಕುವುದು ಹೇಗೆ?

ಹರಿಹರದವಳು:

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಬ್ಯಾಂಕೊಂದರಲ್ಲಿ ಉದ್ಯೋಗ. ಪರಸ್ಪರ ಒಪ್ಪಿಗೆಯ ಮೇರೆಗೆ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನವಾಗಿದ್ದು, ಎರಡನೆಯ ತರಗತಿಯಲ್ಲಿ ಓದುತ್ತಿರುವ ಮಗಳು ನನ್ನ ಸುಪರ್ದಿಯಲ್ಲಿದ್ದಾಳೆ. ಮತ್ತೆ ಮದುವೆಯಾಗುವ ನಿರ್ಧಾರ ನನ್ನದೇ. ತಂದೆತಾಯಿಗಳಿಗೆ ಅದರ ಬಗ್ಗೆ ಸಂತೋಷವೂ ಇದೆ, ಆತುರವೂ ಇದೆ.

ನಮ್ಮ ಸಮುದಾಯದ ವಧೂವರರ ಮಾಹಿತಿ ಕೇಂದ್ರವೊಂದಕ್ಕೆ ಅಮ್ಮ ನನ್ನ ಫೋಟೊ, ಜಾತಕ ಮತ್ತು ಮೊಬೈಲ್ ಸಂಖ್ಯೆಯನ್ನು ಕೊಟ್ಟು ಬಂದರು. ಕೆಲವೇ ದಿನಗಳಲ್ಲಿ ಅದಷ್ಟೂ ‘ಎರಡನೇ ಸಂಬಂಧ, ಹೆಣ್ಣುಮಗು ಇದೆ, ಹುಡುಗಿ ಕೆಲಸದಲ್ಲಿದ್ದಾಳೆ’ ಎಂಬ ಒಕ್ಕಣೆಯೊಂದಿಗೆ ದಲ್ಲಾಳಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡತೊಡಗಿತು. ರಾತ್ರಿ ಹತ್ತರ ಮೇಲೆ ಅಪರಿಚಿತರ ಕರೆಗಳು ಬರುತ್ತವೆ. ಕೆಲವರು ತಮ್ಮ ಹೆಸರನ್ನೂ ಹೇಳದೆ, ಮೊದಲ ಗಂಡನ ಜೊತೆ ಎಷ್ಟು ದಿನ ಸಂಸಾರ ಮಾಡಿದಿರಿ ಎಂದು ಕೇಳುತ್ತಾರೆ. ಶಾಖೆಗೆ ಬಂದ ಗ್ರಾಹಕರೊಬ್ಬರು ಕೌಂಟರಿನ ಮುಂದೆ ನಿಂತು ‘ನಿಮ್ಮ ಬಯೋಡೇಟಾ ನೋಡಿದೆ ಮೇಡಂ’ ಎಂದಾಗ ಅಕ್ಕಪಕ್ಕದ ಸಹೋದ್ಯೋಗಿಗಳೆಲ್ಲ ತಲೆಯೆತ್ತಿ ನೋಡಿದರು. ವಿಚ್ಛೇದನವನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಅದನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದು ನನ್ನ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ಬಯಕೆ.

ಬಲ್ಲವರಲ್ಲಿ ವಿನಂತಿ ಇಷ್ಟು. ವಿವರಗಳು ಹೀಗೆ ಬೀದಿಗೆ ಬೀಳದಂತೆ ಸಂಬಂಧ ಹುಡುಕಿದವರು ಯಾವ ಕ್ರಮ ಅನುಸರಿಸಿದಿರಿ? ಗಂಡಿನ ಕಡೆಯವರು ಮೊದಲ ಭೇಟಿಗೂ ಮುನ್ನವೇ ವಿಚ್ಛೇದನದ ಆದೇಶದ ಪ್ರತಿಯನ್ನು ಕಳುಹಿಸಿರೆಂದು ಕೇಳಿದರೆ ಕೊಡಬೇಕೆ? ಮಗಳ ವಿಷಯವನ್ನು ಎಷ್ಟರಮಟ್ಟಿಗೆ ಹೇಳಬೇಕು? ಗಂಡಿನ ಕಡೆಯ ಕಾಗದಪತ್ರಗಳನ್ನು ನಾನು ಕೇಳಿದರೆ ‘ಈ ಸ್ಥಿತಿಯಲ್ಲೂ ಇಷ್ಟು ಪ್ರಶ್ನೆಯೇ’ ಎಂಬ ಮಾತು ಬರುತ್ತದೆ. ಅದನ್ನು ನೀವು ಹೇಗೆ ಎದುರಿಸಿದಿರಿ?

ವಕೀಲಿ_ಬೆಂಗಳೂರು:

ಕೌಟುಂಬಿಕ ನ್ಯಾಯಾಲಯಗಳಲ್ಲಿ ವಕಾಲತ್ತು ನಡೆಸುವ ನಾನು ಕಾಗದಪತ್ರಗಳಿಗೆ ಸಂಬಂಧಿಸಿದ ಪ್ರಶ್ನೆಗೆ ಉತ್ತರಿಸುತ್ತೇನೆ, ಉಳಿದುದನ್ನು ಅನುಭವಸ್ಥರು ಹೇಳಲಿ.

ವಿಚ್ಛೇದನದ ವಿವರಗಳು ಖಾಸಗಿಯಾಗಿರಬೇಕೆಂಬುದು ನಿಮ್ಮೊಬ್ಬರ ಸಂಕೋಚವಲ್ಲ, ಕಾನೂನೇ ಒಪ್ಪಿಕೊಂಡಿರುವ ಮಾತು. 1955ರ ಹಿಂದೂ ವಿವಾಹ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಈ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯಬೇಕು, ಮತ್ತು ಅದರ ವಿವರಗಳನ್ನು ಮುದ್ರಿಸುವುದು ಅಥವಾ ಪ್ರಕಟಿಸುವುದು ಅಪರಾಧ. ಅನುಮತಿ ಪಡೆದು ಪ್ರಕಟಿಸುವ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ತೀರ್ಪುಗಳಿಗಷ್ಟೇ ವಿನಾಯಿತಿಯಿದೆ. ದಂಡ ಒಂದು ಸಾವಿರ ರೂಪಾಯಿಯವರೆಗೆ ಮಾತ್ರ, ಇಂದಿನ ದಿನಕ್ಕೆ ಅದು ಯಾರನ್ನೂ ಹೆದರಿಸದು, ಆದರೂ ತತ್ತ್ವ ಸ್ಪಷ್ಟವಾಗಿದೆ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ವಿವಾಹ ವಿವಾದವೊಂದರಲ್ಲಿ ಸಿಲುಕಿದ್ದ ಮಹಿಳೆಯ ತಂದೆ ಸಲ್ಲಿಸಿದ ಅರ್ಜಿಯನ್ನು ಪರಿಗಣಿಸಿ, ಅಂತರ್ಜಾಲದಲ್ಲಿ ಹುಡುಕಿದಾಗ ಆಕೆಯ ಹೆಸರು ಕಾಣಿಸದಂತೆ ನೋಡಿಕೊಳ್ಳಲು ತನ್ನ ಆಡಳಿತ ಕಚೇರಿಯಾದ ರಿಜಿಸ್ಟ್ರಿಗೆ ನಿರ್ದೇಶನ ನೀಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೊಕದ್ದಮೆಯ ಅರ್ಜಿದಾರರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಆದ್ದರಿಂದ ಆದೇಶದ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ. ಮದುವೆಯಾಗಲಿರುವ ವ್ಯಕ್ತಿಗೆ ಅದನ್ನು ನೋಡುವ ಹಕ್ಕು ಖಂಡಿತ ಇದೆ. ಆದರೆ ಇಬ್ಬರಿಗೂ ಮನಸ್ಸು ಬಂದು ಮಾತು ಮುಂದುವರಿಯುವುದು ಖಚಿತವಾದ ಮೇಲೆ, ಎದುರೆದುರು ಕುಳಿತು, ಇಬ್ಬರೂ ತಮ್ಮ ತಮ್ಮ ದೃಢೀಕೃತ ಪ್ರತಿಗಳನ್ನು ತೋರಿಸಿಕೊಳ್ಳುವುದು ಸರಿಯಾದ ಕ್ರಮ. ಪರಸ್ಪರ ಒಪ್ಪಿಗೆಯ ಅರ್ಜಿಗಳಲ್ಲಿ ಸಾಮಾನ್ಯವಾಗಿ ಆರೋಪಗಳಿರುವುದಿಲ್ಲ. ಇರುವುದು ಜೀವನಾಂಶದ ಮೊತ್ತ, ಒಡವೆ ಹಿಂದಿರುಗಿಸಿದ ವಿವರ, ಮಗುವಿನ ಭೇಟಿಯ ಷರತ್ತುಗಳು. ವಿವಾಹ ರದ್ದಾಗಿದೆ ಎಂಬ ಆದೇಶಭಾಗವನ್ನು ಮತ್ತು ಮಗುವಿನ ಷರತ್ತುಗಳನ್ನು ತೋರಿಸಿದರೆ ಸಾಕು. ನಿಮಗೆ ಎಷ್ಟು ಹಣ ಬಂದಿತೆಂಬುದು ಆತನಿಗೆ ಮುಖ್ಯವೆನಿಸಿದರೆ, ಆತನ ಆಸಕ್ತಿ ಎಲ್ಲಿದೆ ಎಂಬುದು ನಿಮಗೆ ತಿಳಿದಂತಾಯಿತು.

ಇನ್ನು ಆತನ ಕಾಗದಗಳು. ಇಲ್ಲಿ ಹೆಣ್ಣಿನ ಕಡೆಯವರು ಅತಿಯಾದ ಸಂಕೋಚ ತೋರುವುದನ್ನು ನೋಡುತ್ತಲೇ ಬಂದಿದ್ದೇನೆ. ಆತನ ವಿಚ್ಛೇದನವೂ ಪರಸ್ಪರ ಒಪ್ಪಿಗೆಯದಾದರೆ ತೊಡಕು ಕಡಿಮೆ, ಏಕೆಂದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಅಂಥ ಆದೇಶದ ಮೇಲೆ ಮೇಲ್ಮನವಿ ಇಲ್ಲ. ವಾದವಿವಾದ ನಡೆದು ಬಂದ ತೀರ್ಪಾಗಿದ್ದರೆ, ಹಿಂದೂ ವಿವಾಹ ಕಾಯ್ದೆಯ 15ನೆಯ ಕಲಮಿನಂತೆ ಮೇಲ್ಮನವಿಯ ಅವಧಿ ಮುಗಿದಿರಬೇಕು ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆಗಿರಬೇಕು. ಆ ಕಾಯ್ದೆ ಕೊಡುವ ಅವಧಿ 90 ದಿನ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಏಕಪಕ್ಷೀಯ ಡಿಕ್ರಿಯ ವಿಷಯದಲ್ಲಿ. ಹೆಂಡತಿ ನ್ಯಾಯಾಲಯಕ್ಕೆ ಬರಲೇ ಇಲ್ಲ, ಆದ್ದರಿಂದ ಸುಲಭವಾಗಿ ಸಿಕ್ಕಿತು ಎಂದು ಆತ ಹೇಳಿದರೆ, ಆಕೆಗೆ ಸಮನ್ಸ್ ನಿಜವಾಗಿ ತಲುಪಿತ್ತೇ ಎಂದು ನಿಮ್ಮ ವಕೀಲರ ಮೂಲಕ ಕಡತ ಪರಿಶೀಲಿಸಿ. ತಲುಪಿರದಿದ್ದರೆ ಆಕೆ ಮುಂದೊಂದು ದಿನ ಬಂದು ಆ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಬಹುದು, ಆಗ ನಿಮ್ಮ ಮದುವೆಯೇ ಪ್ರಶ್ನೆಗೊಳಗಾಗುತ್ತದೆ. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ‘ವಿಚ್ಛೇದನ ಪತ್ರ’ವನ್ನು ತಂದು ತೋರಿಸುವವರು ಇಂದಿಗೂ ಇದ್ದಾರೆ, ವಿದ್ಯಾವಂತರೂ ಇದ್ದಾರೆ. ನೋಟರಿಯ ಮೊಹರಿನಿಂದ ಹಿಂದೂ ವಿವಾಹ ಮುರಿಯುವುದಿಲ್ಲ.

ಹಿಂದಿನ ಮದುವೆಯನ್ನು ಮರೆಮಾಚಿ ಮತ್ತೊಬ್ಬರನ್ನು ವಂಚಿಸಿ ಮದುವೆಯಾಗುವುದು, ಮೊದಲ ಸಂಗಾತಿ ಜೀವಂತವಿದ್ದು ಆ ವಿವಾಹ ಊರ್ಜಿತದಲ್ಲಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಡಿ ಹತ್ತು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಶಿಕ್ಷೆ ಅಷ್ಟು ಕಠಿಣವಿರುವ ವಿಷಯದಲ್ಲಿ ದಾಖಲೆ ಕೇಳುವುದು ಅಪನಂಬಿಕೆಯಲ್ಲ. ‘ಈ ಸ್ಥಿತಿಯಲ್ಲೂ ಪ್ರಶ್ನೆಯೇ’ ಎಂದವರಿಗೆ ಉತ್ತರಿಸುವ ಅಗತ್ಯವಿಲ್ಲ, ಆ ಸಂಬಂಧವನ್ನು ಅಲ್ಲಿಗೇ ಬಿಡಿ.

ಶಿರಸಿ_ಸೀಮೆಯವಳು:

ನಾನು ವಿಚ್ಛೇದನದ ನಂತರ ಮರುಮದುವೆಯಾದವಳು. ನಮ್ಮ ಕಡೆ ಊರುಗಳು ಚಿಕ್ಕವು, ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು; ಹಾಗಾಗಿ ಗುಟ್ಟು ಉಳಿಯುವ ಮಾತೇ ಇರಲಿಲ್ಲ. ಉಳಿಸಿಕೊಳ್ಳಬಹುದಾಗಿದ್ದುದು ವಿವರಗಳನ್ನು ಮಾತ್ರ. ನಾನು ಹಾಕಿಕೊಂಡ ನಿಯಮವೆಂದರೆ, ವಿಚ್ಛೇದನವಾಗಿದೆ ಎಂಬುದು ಮೊದಲ ಸಾಲಿನಲ್ಲೇ ಎಲ್ಲರಿಗೂ ಗೊತ್ತಿರಲಿ, ಏಕಾಯಿತು ಎಂಬುದು ಮದುವೆಯಾಗುವವನಿಗೆ ಮಾತ್ರ, ಅದೂ ನನ್ನ ಬಾಯಿಂದಲೇ ತಿಳಿಯಲಿ. ಅವನ ಅಕ್ಕ, ಅತ್ತಿಗೆ, ಮಧ್ಯಸ್ಥಿಕೆ ವಹಿಸಿದ ಭಟ್ಟರು, ಇವರಾರಿಗೂ ಕಾರಣ ಹೇಳಲಿಲ್ಲ. ‘ಹೊಂದಾಣಿಕೆಯಾಗಲಿಲ್ಲ, ಇಬ್ಬರೂ ಒಪ್ಪಿ ಬಿಡುಗಡೆ ಪಡೆದೆವು’ ಎಂಬ ಒಂದೇ ವಾಕ್ಯವನ್ನು ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ಹೇಳಬೇಕೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದೆವು. ಇದು ಸಣ್ಣ ಸಂಗತಿಯೆನಿಸಬಹುದು. ಆದರೆ ಮನೆಯವರೇ ಮರುಕದಿಂದಲೋ ಸಿಟ್ಟಿನಿಂದಲೋ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿಬಿಟ್ಟರೆ, ಹೊರಗಿನವರ ಬಾಯಿಗೆ ಬೀಗ ಹಾಕಿ ಪ್ರಯೋಜನವೇನು?

ಬಯೋಡೇಟಾದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಸೋರಿಕೆಯೆಲ್ಲ ಆಗುವುದು ಅಲ್ಲಿಂದಲೇ. ಮೊದಲ ಹಂತದ ಬಯೋಡೇಟಾದಲ್ಲಿ ವಯಸ್ಸು, ಓದು, ಉದ್ಯೋಗದ ಸ್ವರೂಪ, ಜಿಲ್ಲೆ, ಮಗು ಇದೆಯೆಂಬ ಸಂಗತಿ ಮತ್ತು ನೀವು ಎಂಥವರನ್ನು ಬಯಸುತ್ತೀರಿ ಎಂಬುದು ಸಾಕು. ಬ್ಯಾಂಕಿನ ಹೆಸರು, ಶಾಖೆ, ತಂದೆಯ ಪೂರ್ಣ ಹೆಸರು, ಮನೆಯ ವಿಳಾಸ ಬೇಡ. ಜಾತಕದ ಸ್ಥಿತಿ ವಿಚಿತ್ರವಾದದ್ದು: ಆಧಾರ್ ಸಂಖ್ಯೆಯನ್ನು ಮುಚ್ಚಿಟ್ಟು ಕಾಪಾಡುವವರೂ, ಹುಟ್ಟಿದ ದಿನ, ಗಳಿಗೆ, ಊರು, ಗೋತ್ರ, ತಂದೆಯ ಹೆಸರನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಕಂಡ ಕಂಡವರಿಗೆ ಕಳುಹಿಸುತ್ತಾರೆ. ಹೊಂದಾಣಿಕೆ ನೋಡಲೇಬೇಕೆನ್ನುವವರಿಗೆ ನಕ್ಷತ್ರ, ಪಾದ, ರಾಶಿಯನ್ನು ತಿಳಿಸಿದರೆ ಮೊದಲ ಪರಿಶೀಲನೆಗೆ ಸಾಕಾಗುತ್ತದೆ. ಹುಡುಕಾಟಕ್ಕೆಂದೇ ಬೇರೊಂದು ಸಿಮ್ ಇಟ್ಟುಕೊಳ್ಳಿ, ಅದಕ್ಕೆ ಬ್ಯಾಂಕ್ ಖಾತೆಯನ್ನು ಜೋಡಿಸಬೇಡಿ. ಸಂಖ್ಯೆ ಗೊತ್ತಿದ್ದವರು ಫೋನ್‌ಪೇಯಲ್ಲಿ ಹಣ ಕಳುಹಿಸುವ ನೆಪದಿಂದ ಅದನ್ನು ಒತ್ತಿದರೂ ಖಾತೆಯಲ್ಲಿರುವ ಹೆಸರು ಕಾಣಿಸಿಕೊಳ್ಳುತ್ತದೆ. ನೀವೇ ಬ್ಯಾಂಕಿನವರು, ನಿಮಗೆ ಇದನ್ನು ಹೇಳಬೇಕಿಲ್ಲ.

ಫೋಟೊವನ್ನು ನಾನು ಯಾವ ದಲ್ಲಾಳಿಗೂ ಕೊಡಲಿಲ್ಲ. ಮೊದಲು ಗಂಡಿನ ವಿವರ ಮತ್ತು ಫೋಟೊ ನಮಗೆ ಬರಲಿ, ನಮಗೆ ಒಪ್ಪಿಗೆಯಾದರೆ ನಾವೇ ನೇರವಾಗಿ ಅವರಿಗೆ ಕಳುಹಿಸುತ್ತೇವೆ ಎಂದೆವು. ಬೇಸರಪಟ್ಟುಕೊಂಡು ಹೋದವರಿದ್ದಾರೆ, ಹೋಗಲಿ. ಫೋಟೊದ ಹಿನ್ನೆಲೆಯಲ್ಲಿ ಮನೆಯ ಹೆಸರು, ಗಾಡಿಯ ಸಂಖ್ಯೆ, ಕಚೇರಿಯ ಗುರುತಿನ ಪಟ್ಟಿ ಇಲ್ಲದಂತೆ ನೋಡಿಕೊಳ್ಳಿ. ಮಗಳ ಫೋಟೊವನ್ನು ಯಾರಿಗೂ ಕಳುಹಿಸಬೇಡಿ, ಆಕೆಯ ಶಾಲೆಯ ಹೆಸರನ್ನೂ ಹೇಳಬೇಡಿ.

ಮೊದಲ ಭೇಟಿಗೆ ಮನೆಗೆ ಕರೆಯದಿರುವುದು ಒಳ್ಳೆಯದು. ಉಪ್ಪಿಟ್ಟು, ಕೇಸರಿಬಾತು, ಟ್ರೇ ಹಿಡಿದು ಬರುವ ಹೆಣ್ಣು, ಸಾಲಾಗಿ ಕುಳಿತ ಹತ್ತು ಮಂದಿ ಎಂಬ ಆ ಶಾಸ್ತ್ರವನ್ನು ನಾನು ಒಮ್ಮೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಾಡಿದ್ದಾಗಿತ್ತು, ಎರಡನೆಯ ಸಲ ಅದರ ಅಗತ್ಯ ಕಾಣಲಿಲ್ಲ. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ನನ್ನ ಕಡೆಯಿಂದ ತಮ್ಮ, ಅವರ ಕಡೆಯಿಂದ ಸ್ನೇಹಿತರೊಬ್ಬರು, ಹೀಗೆ ನಾಲ್ವರೇ ಕುಳಿತೆವು. ಕೆಲವು ಹೊತ್ತಿನ ನಂತರ ಅವರಿಬ್ಬರೂ ಬೇರೆ ಮೇಜಿಗೆ ಹೋದರು. ನಿಮ್ಮ ಮೊದಲ ಮದುವೆಯಲ್ಲಿ ನಿಮ್ಮದೂ ತಪ್ಪಿತ್ತೆಂದು ಅನಿಸುವ ಸಂಗತಿ ಯಾವುದು ಎಂದು ನಾನು ಕೇಳಿದಾಗ ಅವರು ತಕ್ಷಣ ಉತ್ತರಿಸಲಿಲ್ಲ, ಯೋಚಿಸಿದರು. ಎಲ್ಲ ತಪ್ಪೂ ಆಕೆಯದೇ ಎಂದು ಹಿಂದಿನ ಹೆಂಡತಿಯ ನಡತೆಯನ್ನು ಮೊದಲ ಭೇಟಿಯಲ್ಲೇ ಬಿಡಿಸಿಟ್ಟವರನ್ನು ನಾನು ಆ ಮುಂಚೆ ನೋಡಿದ್ದೆ. ಆಕೆಯ ಗುಟ್ಟನ್ನು ಉಳಿಸದವನು ನನ್ನದನ್ನು ಉಳಿಸುತ್ತಾನೆಂದು ನಂಬಲು ಕಾರಣವಿರಲಿಲ್ಲ.

ಗೋಕಾಕ_ಮಾಸ್ತರ:

ನಿವೃತ್ತ ಶಿಕ್ಷಕನಾದ ನಾನು ಮತ್ತು ನನ್ನ ಕೆಲವು ಮಿತ್ರರು ಮರುಮದುವೆಯ ಸಂಬಂಧಗಳನ್ನು ಕೂಡಿಸುವ ಕೆಲಸವನ್ನು ಹಣ ಪಡೆಯದೆ ಮಾಡಿಕೊಂಡು ಬಂದಿದ್ದೇವೆ. ನಮ್ಮಲ್ಲಿ ಇರುವುದು ಒಂದು ರಿಜಿಸ್ಟರ್ ಮಾತ್ರ. ಅದನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಅದರ ಫೋಟೊ ತೆಗೆಯುವಂತಿಲ್ಲ. ಹೆಣ್ಣುಮಗಳ ಹೆಸರಿನ ಬದಲು ಕ್ರಮಸಂಖ್ಯೆ ಇರುತ್ತದೆ. ಗಂಡಿನ ವಿವರವನ್ನು ಮೊದಲು ಆಕೆಗೆ ತಿಳಿಸುತ್ತೇವೆ, ಆಕೆಯ ತಂದೆಗೂ ಅಲ್ಲ, ಅಣ್ಣನಿಗೂ ಅಲ್ಲ. ಆಕೆ ಒಪ್ಪಿದರೆ ಮಾತ್ರ ಹೆಸರು ಆಚೆ ಹೋಗುತ್ತದೆ. ಸಂಬಂಧ ಕೂಡಿದ ಮೇಲೆ ಆ ಪುಟವನ್ನು ಹರಿದು ಹಾಕುತ್ತೇವೆ. ನೀವು ಯಾವುದೇ ಕೇಂದ್ರಕ್ಕೆ ಹೋದರೂ, ಹೆಸರು ಬರೆಸುವ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕು: ವಿವರ ಯಾರ ಕೈಯಲ್ಲಿರುತ್ತದೆ, ಯಾರ ಅನುಮತಿಯಿಂದ ಹೊರಗೆ ಹೋಗುತ್ತದೆ, ಬೇಡವೆಂದಾಗ ಅಳಿಸಿಹಾಕುತ್ತಾರೆಯೇ? ಉತ್ತರಿಸಲು ತಡವರಿಸುವ ಕೇಂದ್ರದಲ್ಲಿ ಹೆಸರು ಬರೆಸಬೇಡಿರಿ.

ಆದರೆ ಶಿರಸಿಯ ಸಹೋದರಿಯವರ ಮಾತಿನಲ್ಲಿ ಒಂದನ್ನು ಪೂರ್ಣವಾಗಿ ಒಪ್ಪಲಾರೆ. ವಿಷಯವನ್ನು ಇಷ್ಟೊಂದು ಬಿಗಿಯಾಗಿ ಹಿಡಿದಿಟ್ಟರೆ, ಗಂಡಿನ ಊರಿನಲ್ಲಿ ವಿಚಾರಿಸುವವರು ಯಾರು? ಆತ ಕುಡಿಯುತ್ತಾನೆಯೇ, ಸಾಲವೆಷ್ಟಿದೆ, ಹಿಂದಿನ ಹೆಂಡತಿಯನ್ನು ಹೊಡೆಯುತ್ತಿದ್ದನೇ ಎಂಬುದು ಬಯೋಡೇಟಾದಲ್ಲಿ ಬರುವುದಿಲ್ಲ. ಊರ ಕಟ್ಟೆಯ ಮೇಲೆ, ಕಿರಾಣಿ ಅಂಗಡಿಯಲ್ಲಿ, ಸೊಸೈಟಿಯ ಕಾರ್ಯದರ್ಶಿಯ ಬಳಿ ತಿಳಿಯುತ್ತದೆ. ಅದಕ್ಕೆ ನಂಬಿಕೆಯ ನಾಲ್ಕು ಮಂದಿ ಹಿರಿಯರು ಬೇಕೇ ಬೇಕು. ಅವರಿಗೆ ನಿಮ್ಮ ಹೆಸರು ಗೊತ್ತಿದ್ದರೆ ಹಾನಿಯಿಲ್ಲ, ಆದರೆ ಆ ನಾಲ್ವರನ್ನು ಆರಿಸುವವರು ನೀವೇ ಆಗಿರಬೇಕು.

ಇನ್ನೊಂದು ಸಂಗತಿ. ಮರುಮದುವೆಯೆಂದರೆ ಇದೇನೋ ನಗರದವರು ಹೊಸದಾಗಿ ತಂದದ್ದೆಂಬಂತೆ ಮಾತಾಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ನಮ್ಮ ಭಾಗದ ಅನೇಕ ಸಮುದಾಯಗಳಲ್ಲಿ ಉಡಕಿಯ, ಅಂದರೆ ಹೆಣ್ಣಿನ ಮರುಮದುವೆಯ, ಪದ್ಧತಿ ತಲೆಮಾರುಗಳಿಂದ ಇತ್ತು; ಪಂಚರ ಮುಂದೆ ಸೋಡಚೀಟಿಯಾಗಿ, ಅಂದರೆ ಬಿಡುಗಡೆಯ ಪತ್ರವಾಗಿ, ಆನಂತರ ಹೊಸ ಸೀರೆ ಉಡಿಸಿ ಹೆಣ್ಣನ್ನು ಇನ್ನೊಂದು ಮನೆಗೆ ಕಳಿಸುತ್ತಿದ್ದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳಲ್ಲಿ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆಯೂ ಬಂದಿತ್ತು, ಅಂದರೆ ಕೇಂದ್ರದ ಕಾಯ್ದೆಗಿಂತ ಎಂಟು ವರ್ಷ ಮೊದಲೇ. ಆದರೆ ಉಡಕಿಗೆ ಲಗ್ನದ ಗೌರವ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹಂದರವಿಲ್ಲ, ವಾಲಗವಿಲ್ಲ, ರಾತ್ರಿ ಹೊತ್ತು ಮುಗಿಸಿಬಿಡುತ್ತಿದ್ದರು, ಆ ಹೆಣ್ಣನ್ನು ಮುಂದೆ ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಿಸುತ್ತಿದ್ದರು. ನಮ್ಮಲ್ಲಿಗೆ ಬರುವ ಕೆಲವು ಗಂಡಿನ ಕಡೆಯವರು ‘ಸರಳವಾಗಿ, ಯಾರಿಗೂ ತಿಳಿಯದ ಹಾಗೆ ಮಾಡಿಬಿಡೋಣ’ ಎನ್ನುವಾಗ ಆ ಹಳೆಯ ಧಾಟಿಯೇ ಕೇಳಿಸುತ್ತದೆ. ಸರಳತೆಯನ್ನು ಹೆಣ್ಣು ಬಯಸಿದರೆ ಸರಿ. ಗಂಡಿನ ಮನೆಯವರು ನಾಚಿಕೆಯಿಂದ ಬಯಸಿದರೆ ಅದು ಬೇರೆ.

ವಕೀಲಿ_ಬೆಂಗಳೂರು:

ಮಾಸ್ತರರ ಮಾತಿಗೆ ಸಣ್ಣದೊಂದು ಸೇರ್ಪಡೆ. ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಬಹುಕಾಲದಿಂದ ನಿರಂತರವಾಗಿ ಇತ್ತೆಂದು ಹೇಳುವವರೇ ಸಾಕ್ಷ್ಯಸಹಿತ ರುಜುವಾತುಪಡಿಸಬೇಕು. ಇಂದಿನ ದಿನ ಸೋಡಚೀಟಿಯೊಂದನ್ನೇ ನಂಬಿ ಮದುವೆಗೆ ಮುಂದಾಗುವುದು ಅಪಾಯಕರ. ಪಂಚರು ಬಿಡಿಸಿದ್ದರೂ ನ್ಯಾಯಾಲಯದ ಆದೇಶ ಪಡೆಯುವುದು ಕ್ಷೇಮ. ಖರ್ಚಿನ ಚಿಂತೆಯಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಅಲ್ಲಿ ಉಚಿತ ನೆರವು ದೊರೆಯುತ್ತದೆ, ಸಹಾಯವಾಣಿ 15100.

ಮಂಗಳೂರಿನ_ಓದುಗ:

ಕ್ರೈಸ್ತರಿಗೆ, ಅದರಲ್ಲೂ ಕಥೊಲಿಕರಿಗೆ, ಇಲ್ಲಿ ಎರಡು ಬಾಗಿಲುಗಳಿವೆ ಎಂಬುದನ್ನು ತಿಳಿಸಲು ಬರೆಯುತ್ತಿದ್ದೇನೆ. ನ್ಯಾಯಾಲಯದ ವಿಚ್ಛೇದನ ದೊರೆತರೂ, ಧರ್ಮಪ್ರಾಂತ್ಯದ ನ್ಯಾಯಪೀಠವು ಮೊದಲ ವಿವಾಹ ಅಸಿಂಧುವೆಂದು ತೀರ್ಮಾನಿಸದ ಹೊರತು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮತ್ತೆ ಮದುವೆಯಾಗಲಾಗದು. ಹಾಗೆಯೇ ಇಗರ್ಜಿಯ ತೀರ್ಮಾನವೊಂದೇ ಸಾಲದು. ಅದಕ್ಕೆ ಸಿವಿಲ್ ಮಾನ್ಯತೆ ಕೊಡಬೇಕೆಂದು ಮಂಗಳೂರಿನವರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕ್ರಮವನ್ನು ಸರಳಗೊಳಿಸಿದ ಮೇಲೆ ಎರಡನೆಯ ನ್ಯಾಯಪೀಠದ ಅನುಮೋದನೆ ಕಡ್ಡಾಯವಾಗಿ ಉಳಿದಿಲ್ಲ. ಹೊಸ ಸಂಬಂಧದ ಮಾತು ಶುರುವಾಗುವ ಮುನ್ನವೇ ನಿಮ್ಮದು ಮತ್ತು ಆತನದು ಎರಡೂ ಕಡೆ ಮುಗಿದಿದೆಯೇ ಎಂದು ನೋಡಿಕೊಂಡರೆ, ಫಿರ್ಗಜೆಯ ವಿಗಾರರ, ಅಂದರೆ ನಿಮ್ಮ ಚರ್ಚಿನ ಧರ್ಮಗುರುಗಳ, ಕೋಣೆಯಲ್ಲಿ ಕುಳಿತಾಗ ಇರುಸುಮುರುಸು ತಪ್ಪುತ್ತದೆ.

ತುಮಕೂರು_ಅಪ್ಪ:

ಮಗಳ ವಿಷಯ ಕೇಳಿದ್ದೀರಿ. ನಾನು ಮದುವೆಯಾದಾಕೆಗೆ ಆಗ ಐದು ವರ್ಷದ ಮಗನಿದ್ದ. ಹಲವು ಭೇಟಿಗಳ ನಂತರವೇ ಆಕೆ ನನ್ನನ್ನು ಮಗನಿಗೆ ಪರಿಚಯಿಸಿದಳು, ಅದೂ ‘ಅಮ್ಮನ ಸ್ನೇಹಿತ’ ಎಂದು. ಆ ಕ್ರಮ ಸರಿಯಾಗಿತ್ತು. ಸಂಬಂಧ ಗೊತ್ತಾಗುವ ಮುನ್ನವೇ ಬಂದವರಿಗೆಲ್ಲ ಮಗುವನ್ನು ತೋರಿಸಿ, ಇವರು ನಿನ್ನ ಅಪ್ಪ ಆಗಬಹುದು ಎಂದರೆ, ಪ್ರತಿ ಸಲವೂ ಆ ಮಗು ತಾನೇ ತಿರಸ್ಕೃತವಾದಂತೆ ಭಾವಿಸುತ್ತದೆ.

ಒಪ್ಪುವವರಲ್ಲಿ ಎರಡು ಬಗೆಯಿದ್ದಾರೆ. ‘ಮಗು ಇದ್ದರೂ ಅಡ್ಡಿಯಿಲ್ಲ’ ಎನ್ನುವವರು, ಮಗು ಎಷ್ಟನೇ ತರಗತಿ, ರಾತ್ರಿ ಕತ್ತಲೆಗೆ ಹೆದರುತ್ತಾಳೆಯೇ, ತಂದೆಯನ್ನು ಯಾವಾಗ ಭೇಟಿಯಾಗುತ್ತಾಳೆ ಎಂದು ಕೇಳುವವರು. ಎರಡನೆಯವರನ್ನು ಆರಿಸಿ. ಶಾಲೆಯಲ್ಲಿ ತಂದೆಯ ಹೆಸರನ್ನು ಬದಲಿಸಿಬಿಡೋಣ ಎಂದು ಉತ್ಸಾಹ ತೋರುವವರಿಗೆ ಅದು ಅಷ್ಟು ಸುಲಭವಲ್ಲವೆಂದು ತಿಳಿಸಿ. ಮಲತಂದೆ ದತ್ತು ಪಡೆಯಬೇಕಾದರೆ ಹೆತ್ತ ತಂದೆಯ ಒಪ್ಪಿಗೆಯೂ ಬೇಕು.

ಹರಿಹರದವಳು:

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅಮ್ಮನಿಗೂ ಓದಿ ಹೇಳಿದೆ. ಮಾಸ್ತರರು ಹೇಳಿದ ಪ್ರಶ್ನೆಗಳನ್ನು ಅಮ್ಮನೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಇನ್ನು ಕೆಲವು ಸಂದೇಹಗಳಿವೆ. ಸದ್ಯ ಮಾತುಕತೆಯಲ್ಲಿರುವ ಒಂದು ಸಂಬಂಧದವರು, ಮದುವೆಯಾದ ಮೊದಲ ಒಂದು ವರ್ಷ ಮಗಳು ಅಜ್ಜಿಯ ಮನೆಯಲ್ಲಿರಲಿ, ಹೊಂದಿಕೊಂಡ ಮೇಲೆ ಕರೆಸಿಕೊಳ್ಳೋಣ ಎನ್ನುತ್ತಿದ್ದಾರೆ. ಅವರು ಇರುವುದು ಬೆಳಗಾವಿಯಲ್ಲಿ. ನಮ್ಮ ಒಪ್ಪಂದದಲ್ಲಿ ಆಕೆಯ ತಂದೆಗೆ ತಿಂಗಳಿಗೆ ಎರಡು ಭಾನುವಾರ ಭೇಟಿಯ ಅವಕಾಶವಿದೆ, ಆಕೆಯ ಹೆಸರಿನಲ್ಲಿ ತಿಂಗಳು ತಿಂಗಳು ಜೀವನಾಂಶವೂ ಬರುತ್ತದೆ. ನಾನು ಮರುಮದುವೆಯಾದರೆ ಇವೆಲ್ಲ ಏನಾಗುತ್ತವೆ? ಮದುವೆಯನ್ನು ನೋಂದಣಿ ಕಚೇರಿಯಲ್ಲಿ ಮಾಡಿಕೊಂಡರೆ ಹೆಸರು, ವಿಳಾಸಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆಂದು ಕೇಳಿದ್ದೇನೆ, ಅದು ನಿಜವೇ? ಈಗಾಗಲೇ ಹರಿದಾಡಿರುವ ಫೋಟೊವನ್ನು ಹಿಂಪಡೆಯಲು ದಾರಿಯಿದೆಯೇ?

ಶಿರಸಿ_ಸೀಮೆಯವಳು:

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಮಗಳನ್ನು ಒಂದು ವರ್ಷ ದೂರವಿಡೋಣ ಎನ್ನುವವರು ಕೆಟ್ಟವರೆಂದು ನಾನು ಹೇಳುವುದಿಲ್ಲ, ಆದರೆ ಆ ಸಲಹೆ ಯಾರಿಂದ ಬಂತು ಎಂಬುದನ್ನು ವಿಚಾರಿಸಿ. ತಾಯಿಯಿಂದ ಬಂದಿದ್ದರೆ ಮಗನಿಗೆ ಆ ಬಗ್ಗೆ ಸ್ವಂತ ಅಭಿಪ್ರಾಯವಿದೆಯೇ ಎಂದು ನೇರವಾಗಿ ಕೇಳಿ. ಆತನಿಂದಲೇ ಬಂದಿದ್ದರೆ, ನಿಮ್ಮನ್ನು ಬಯಸುತ್ತಿದ್ದಾನೆ, ನಿಮ್ಮ ಸಂಸಾರವನ್ನಲ್ಲ. ಹೊಂದಿಕೊಳ್ಳಲು ಸಮಯ ಬೇಕೆಂದರೆ ಆ ವರ್ಷವನ್ನು ಮದುವೆಗೆ ಮುಂಚೆಯೇ ತೆಗೆದುಕೊಳ್ಳಬಹುದಲ್ಲ? ಬೆಳಗಾವಿಯಿಂದ ಹರಿಹರಕ್ಕೆ ರೈಲಿದೆ, ಬಂದು ಹೋಗಲಿ.

ವಕೀಲಿ_ಬೆಂಗಳೂರು:

ಮಗಳ ಜೀವನಾಂಶ ಆಕೆಯ ಹಕ್ಕು, ನಿಮ್ಮ ಮರುಮದುವೆಯಿಂದ ಅದು ನಿಲ್ಲುವುದಿಲ್ಲ. ನಿಮಗೆಂದು ಪ್ರತ್ಯೇಕವಾಗಿ ಮಾಸಿಕ ಮೊತ್ತ ಬರುತ್ತಿದ್ದರೆ ಅದನ್ನು ನಿಲ್ಲಿಸುವಂತೆ ನಿಮ್ಮ ಹಿಂದಿನ ಪತಿ ಕೇಳಬಹುದು. ಮರುಮದುವೆಯಾದ ಮಾತ್ರಕ್ಕೆ ತಾಯಿ ಸುಪರ್ದಿಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲ, ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು. ಆದರೆ ಇದೇ ಕಾರಣಕ್ಕೆ ಮಗಳನ್ನು ಒಂದು ವರ್ಷ ಅಜ್ಜಿಯ ಮನೆಯಲ್ಲಿ ಬಿಡುವ ಏರ್ಪಾಡು ನಿಮ್ಮ ವಿರುದ್ಧ ವಾದಕ್ಕೆ ಬಳಕೆಯಾಗಬಹುದು; ತಂದೆ ಸುಪರ್ದಿ ಕೇಳಿ ಅರ್ಜಿ ಹಾಕಿದರೆ, ಮಗು ತಾಯಿಯ ಬಳಿಯೇ ಇಲ್ಲ ಎಂಬುದು ಆತನ ಮೊದಲ ವಾಕ್ಯವಾಗಿರುತ್ತದೆ. ಬೆಳಗಾವಿಗೆ ಹೋಗುವುದಾದರೆ ಭಾನುವಾರದ ಭೇಟಿಯ ಷರತ್ತು ಪಾಲಿಸುವುದು ಕಷ್ಟ. ಮೊದಲೇ ಆತನೊಂದಿಗೆ ಮಾತಾಡಿ, ರಜೆಯ ದಿನಗಳಿಗೆ ಬದಲಿಸಿಕೊಂಡು, ಅದನ್ನು ನ್ಯಾಯಾಲಯದಲ್ಲಿ ದಾಖಲಿಸಿ. ಬಾಯಿಮಾತಿನ ಒಪ್ಪಂದ ಬೇಡ.

ನೋಟಿಸಿನ ವಿಷಯ ನಿಜ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ನೋಟಿಸ್ ಹಚ್ಚಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಇಬ್ಬರೂ ಹಿಂದೂಗಳಾಗಿದ್ದರೆ ಆ ದಾರಿ ಅನಿವಾರ್ಯವಲ್ಲ. ಮನೆಯಲ್ಲೋ ದೇವಸ್ಥಾನದಲ್ಲೋ ಶಾಸ್ತ್ರೋಕ್ತವಾಗಿ ಮದುವೆಯಾಗಿ, ಆನಂತರ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದರೆ ಆ ನೋಟಿಸಿನ ಪ್ರಶ್ನೆ ಬರುವುದಿಲ್ಲ. ಆದರೆ ಶಾಸ್ತ್ರವನ್ನೇ ಬಿಟ್ಟು ಬರೀ ಪ್ರಮಾಣಪತ್ರ ಮಾಡಿಸಿಕೊಳ್ಳಬೇಡಿ; ವಿಧಿಗಳು ನಡೆಯದಿದ್ದರೆ ನೋಂದಣಿಯೊಂದರಿಂದ ಹಿಂದೂ ವಿವಾಹ ಸಿಂಧುವಾಗದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸಾಂಪ್ರದಾಯಿಕ ವಿಧಿಗಳನ್ನು ಬಿಟ್ಟ, ಕುವೆಂಪು ಅವರ ಸರಳ ಮಂತ್ರಮಾಂಗಲ್ಯದ ಕ್ರಮದಲ್ಲಿ ಮದುವೆಯಾಗಲು ಬಯಸುವವರು ಈ ಅಂಶವನ್ನು ತಮ್ಮ ವಕೀಲರ ಬಳಿ ಮುಂಚಿತವಾಗಿ ಚರ್ಚಿಸಿಕೊಳ್ಳುವುದು ಮೇಲು. ವಿಧಿಯ ಫೋಟೊಗಳನ್ನು ಮತ್ತು ಇಬ್ಬರ ಡಿಕ್ರಿಗಳ ದೃಢೀಕೃತ ಪ್ರತಿಗಳನ್ನು ಜೋಪಾನವಾಗಿಡಿ, ನೋಂದಣಿಯ ವೇಳೆ ಕೇಳುತ್ತಾರೆ.

ಫೋಟೊವನ್ನು ವಾಟ್ಸಾಪ್ ಗುಂಪುಗಳಿಂದ ಪೂರ್ತಿಯಾಗಿ ಅಳಿಸಿಹಾಕುವುದು ಪ್ರಾಯೋಗಿಕವಾಗಿ ಆಗದ ಮಾತು. ಮೂಲವನ್ನು ಮುಚ್ಚಬಹುದು. ಕೊಟ್ಟ ಉದ್ದೇಶವನ್ನು ಮೀರಿ, ಒಪ್ಪಿಗೆಯಿಲ್ಲದೆ ವಿವರಗಳನ್ನು ಹಂಚಲಾಗಿದೆ, ಇನ್ನು ಮುಂದೆ ಹಂಚಬಾರದು, ದಾಖಲೆಯಿಂದ ತೆಗೆದುಹಾಕಿ ಲಿಖಿತವಾಗಿ ತಿಳಿಸಬೇಕು ಎಂದು ಆ ಕೇಂದ್ರಕ್ಕೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯಿರಿ. ಜಾಲತಾಣದಲ್ಲೂ ಹಾಕಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ವೈವಾಹಿಕ ಜಾಲತಾಣಗಳು ಅಂಥ ಅಧಿಕಾರಿಯನ್ನು ಹೊಂದಿರಬೇಕೆಂದು, ಬಳಕೆದಾರರ ಗುರುತನ್ನು ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ರಾತ್ರಿ ಕರೆ ಮಾಡಿ ಅಸಭ್ಯವಾಗಿ ಮಾತಾಡುವವರ ಸಂಖ್ಯೆ ಮತ್ತು ಸಮಯವನ್ನು ಬರೆದಿಡಿ. ಬೇಡವೆಂದ ಮೇಲೂ ಅದೇ ಸಂಖ್ಯೆಯಿಂದ ಕರೆ ಮುಂದುವರಿದರೆ ಠಾಣೆಯಲ್ಲಿ ದೂರು ಕೊಡಲು ಆ ಪಟ್ಟಿಯೇ ಆಧಾರ. ವಿದೇಶದಲ್ಲಿದ್ದೇನೆ, ಉಡುಗೊರೆ ಕಳುಹಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ತಡೆದಿದ್ದಾರೆ, ಸುಂಕ ಕಟ್ಟಿ ಎಂಬ ಮಾತು ಯಾರಿಂದಲಾದರೂ ಬಂದರೆ ಹಣ ಕಳುಹಿಸದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗೋಕಾಕ_ಮಾಸ್ತರ:

ಬೆಳಗಾವಿಯ ಆ ಮನೆತನದ ಬಗ್ಗೆ ವಿಚಾರಿಸಬೇಕಿದ್ದರೆ ವಿವರವನ್ನು ಇಲ್ಲಿ ಬರೆಯಬೇಡಿರಿ, ಖಾಸಗಿ ಸಂದೇಶದಲ್ಲಿ ಊರು ಮತ್ತು ಮನೆತನದ ಹೆಸರನ್ನಷ್ಟೇ ತಿಳಿಸಿರಿ, ನಿಮ್ಮ ಹೆಸರು ಬೇಡ. ಯಾರ ಪರವಾಗಿ ಕೇಳುತ್ತಿದ್ದೇವೆ ಎಂಬುದನ್ನು ಹೇಳದೆಯೇ ತಿಳಿದುಕೊಳ್ಳಬಹುದಾದಷ್ಟನ್ನು ತಿಳಿದು ಹೇಳುತ್ತೇವೆ.